ಹೂವಿಗೆ ಹೆಸರು, ಎಲೆಗೆ ನಂಬರು

ಸೋಮವಾರ ಹನ್ನೊಂದು ಗಂಟೆಗೆ ಸಾಹೇಬರು ಸೂಜಿಯಕ್ಕನನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲಿದ್ದ ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಅವಳ ಕಡೆ ಸರಿಸಿದರು.

"ಎರಡೇ ಸಾಲು ಸಾಕಮ್ಮ. ನನ್ನ ಅಜಾಗರೂಕತೆಯಿಂದ ಎರಡು ಬೇರೆಬೇರೆ ಗಿಡಗಳನ್ನು ಒಂದೇ ಹಾಳೆಗೆ ಹೊಲಿದಿದ್ದೇನೆ, ತಪ್ಪಾಯಿತು, ಇನ್ನು ಮುಂದೆ ಹೀಗಾಗುವುದಿಲ್ಲ. ಕೆಳಗೊಂದು ಸಹಿ."

"ಅಜಾಗರೂಕತೆ ಅಲ್ಲವಲ್ಲ ಸಾರ್. ಜೋಪಾನವಾಗಿ ನೋಡಿಯೇ ಹೊಲಿದದ್ದು."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು. "ಶನಿವಾರದವರೆಗೆ ಟೈಮ್ ಇದೆ. ಮನೆಗೆ ತಗೊಂಡು ಹೋಗಿ ನಿಧಾನವಾಗಿ ಬರೀರಿ. ಮುಂದಿನ ವಾರ ಮೇಲಿನವರು ತಪಾಸಣೆಗೆ ಬರ್ತಾರೆ. ಅಷ್ಟರೊಳಗೆ ಆ ಹಾಳೆ ಬಿಚ್ಚಿರಬೇಕು, ಈ ಹಾಳೆ ಫೈಲಿನಲ್ಲಿರಬೇಕು."

"ಬರೀದೇ ಹೋದ್ರೆ?"

"ಬೆರಕೆ ಮಾಡೋರನ್ನ ಹೊಲಿಗೆ ಮೇಜಿನ ಮುಂದೆ ಕೂರಿಸೋಕಾಗಲ್ಲಮ್ಮ. ನಿಮಗೇ ಗೊತ್ತಲ್ಲ."

ಸೂಜಿಯಕ್ಕ ಹಾಳೆಯನ್ನು ಮಾತ್ರ ತೆಗೆದುಕೊಂಡಳು. "ಪೆನ್ನು ಮನೇಲಿದೆ ಸಾರ್" ಎಂದು ಹೊರಗೆ ಬಂದಳು.

ಬರೆದುಕೊಟ್ಟರೆ ಅವಳ ಕುರ್ಚಿ ಉಳಿಯುತ್ತದೆ, ಆ ಹಾಳೆಯ ಹೊಲಿಗೆ ಬಿಚ್ಚಿಹೋಗುತ್ತದೆ. ಬರೆಯದಿದ್ದರೆ ಕುರ್ಚಿಯೂ ಇಲ್ಲ, ಹಾಳೆಯೂ ಇಲ್ಲ. ಇಷ್ಟನ್ನು ತಿಳಿಯಲು ಓದು ಬೇಕಾಗಿರಲಿಲ್ಲ. ಆದರೂ ಅವಳು ಮೆಟ್ಟಿಲಿಳಿಯುವಾಗ ಬಿಳಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಗೀರಿ, ಚೀಲದಲ್ಲಿಟ್ಟುಕೊಂಡಳು. ಕಾಗದ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

ಆ ಕಟ್ಟಡವನ್ನು ಊರವರು ಒಣತೋಟ ಎನ್ನುತ್ತಿದ್ದರು. ಕಾಡಿನಿಂದ ತಂದ ಗಿಡಗಳನ್ನು ಹಲಗೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಹೆಸರು ಬರೆದು, ಕಬ್ಬಿಣದ ಬೀರುಗಳಲ್ಲಿ ಇಡುವ ಜಾಗ. ಒಳಗೆ ಕಾಲಿಟ್ಟರೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸೂಜಿಯಕ್ಕನ ಬಟ್ಟೆಗೂ ಕೂದಲಿಗೂ ಅದೇ ವಾಸನೆ. "ನಿನ್ನನ್ನು ಪೆಟ್ಟಿಗೇಲಿಟ್ಟು ಮುಚ್ಚಿದ್ರೂ ನುಸಿ ಹಿಡಿಯಲ್ಲ" ಎಂದು ಅವಳ ಅತ್ತೆ ನಗುತ್ತಿದ್ದರು.

ಇಪ್ಪತ್ತನಾಲ್ಕು ವರ್ಷದ ಹಿಂದೆ "ಗಿಡ ಹೊಲಿಯಲು ಹೆಂಗಸರು ಬೇಕಾಗಿದ್ದಾರೆ" ಎಂದು ಗೇಟಿಗೆ ಚೀಟಿ ಅಂಟಿಸಿದ್ದರು. ಗಂಡ ಆಗ ಬಸ್ಸು ಓಡಿಸುತ್ತಿದ್ದ. ಚೀಟಿಯ ಸುದ್ದಿ ಹೇಳಿದಾಗ, "ಗಿಡಕ್ಕೂ ಅಂಗಿ ಹೊಲಿಸ್ತಾರಾ?" ಎಂದು ನಕ್ಕು ಊಟಕ್ಕೆ ಕೂತ. ಪರೀಕ್ಷೆಗೆ ಹನ್ನೊಂದು ಜನ ಹೋಗಿದ್ದರು. ಕೂದಲಿನಷ್ಟು ಸಪೂರವಾದ ಒಣಹುಲ್ಲಿನ ಎಸಳೊಂದನ್ನು ಮುರಿಯದಂತೆ ಕಾಗದಕ್ಕೆ ಹೊಲಿಯಬೇಕು. ಹತ್ತು ಜನರ ಕೈಯಲ್ಲಿ ಹುಲ್ಲು ಮುರಿಯಿತು. ಇವಳ ಕೈಯಲ್ಲಿ ಮುರಿಯಲಿಲ್ಲ. ಎಲ್ಲಿ ಕಲಿತೆ ಎಂದು ಆಗಿನ ಅಧಿಕಾರಿ ಕೇಳಿದ್ದಕ್ಕೆ, "ಮಲಗಿದ ಮಗುವಿನ ಅಂಗಿಗೆ ಗುಂಡಿ ಹೊಲಿದು ಅಭ್ಯಾಸ ಸಾರ್. ಮಗು ಏಳಬಾರದು, ಸೂಜಿ ತಾಗಬಾರದು" ಎಂದಿದ್ದಳು. ಅಂದಿನಿಂದ ಉತ್ತರದ ಕಿಟಕಿಯ ಪಕ್ಕದ ಕುರ್ಚಿ ಅವಳದು. ಸೂಜಿಯಕ್ಕ ಎಂಬ ಹೆಸರೂ ಅಲ್ಲೇ ಹುಟ್ಟಿತು. ಕ್ರಮೇಣ ಒಣತೋಟದಲ್ಲಿ ಅವಳಿಗೆ ಇನ್ನೊಂದು ಹೆಸರಿದೆ ಎಂಬುದೇ ಎಲ್ಲರಿಗೂ ಮರೆತುಹೋಯಿತು.

ಮೊದಲ ದಿನ ಹಿರಿಯ ಹೊಲಿಗೆಯವಳು ಕಲಿಸಿದ ಪಾಠ ಒಂದೇ. ಒಂದು ಹಾಳೆ, ಒಂದು ಗಿಡ, ಒಂದು ದಿನ. ಇಂದು ಕಿತ್ತ ಗಿಡಕ್ಕೆ ನಾಳೆ ಕಿತ್ತದ್ದನ್ನು ಸೇರಿಸಬಾರದು. ಸೇರಿಸಿದರೆ ಅದು ಬೆರಕೆ ಹಾಳೆ. ಇನ್ನೂರು ವರ್ಷದ ಮೇಲೆ ಯಾರೋ ಅದನ್ನು ತೆರೆದು ನಂಬಿ ಮೋಸಹೋಗುತ್ತಾರೆ. ಉದುರಿದ ಚೂರು, ಬೀಜ, ಎಸಳು ಏನೇ ಇದ್ದರೂ ಕಾಗದದ ಪೊಟ್ಟಣ ಮಡಿಸಿ ಅದರಲ್ಲಿಟ್ಟು, ಪೊಟ್ಟಣವನ್ನು ಹಾಳೆಯ ಮೂಲೆಗೆ ಹೊಲಿಯಬೇಕು. ಏನನ್ನೂ ಎಸೆಯಬಾರದು, ಏನನ್ನೂ ಸೇರಿಸಬಾರದು. ಹೊಲಿಯುವವರು ಹಾಳೆಯ ಕೆಳಗಂಟಿಸುವ ಚೀಟಿಯಲ್ಲಿ ಏನನ್ನೂ ಬರೆಯಬಾರದು. ಗಿಡ ತಂದವರ ಹೆಸರು, ಗಿಡವನ್ನು ಗುರುತಿಸಿದವರ ಹೆಸರು, ಎರಡಕ್ಕೇ ಅಲ್ಲಿ ಜಾಗ.

ಇಪ್ಪತ್ತನಾಲ್ಕು ವರ್ಷ ಅವಳು ಈ ಕಟ್ಟಳೆ ಮೀರಿರಲಿಲ್ಲ. ಈಗ ಎರಡು ದಿನ ಕಿತ್ತದ್ದನ್ನು ಸೇರಿಸಿ, ಚೀಟಿಯಲ್ಲೂ ಬರೆದು, ಎರಡನ್ನೂ ಒಂದೇ ಹಾಳೆಯಲ್ಲಿ ಮೀರಿದ್ದಳು.

ಅದೊಂದು ಆರ್ಕಿಡ್. ಆದರೆ ಮರದ ಮೇಲೆ ಬೇರಿಳಿಸಿಕೊಂಡು ಮೆರೆಯುವ ಜಾತಿಯದಲ್ಲ. ಕಾಡಿನ ನೆಲದಲ್ಲಿ, ತರಗೆಲೆಗಳ ಅಡಿಯಲ್ಲಿ, ಹುಣಸೆಬೀಜದ ಗಾತ್ರದ ಗೆಡ್ಡೆಯಾಗಿ ಬಿದ್ದುಕೊಂಡಿರುತ್ತದೆ. ಮೊದಲ ಮಳೆ ಬಿದ್ದ ವಾರಕ್ಕೆ ಎಲೆಯಿಲ್ಲದ ಬೋಳು ದಂಟೊಂದು ಗೇಣುದ್ದ ಎದ್ದು, ತಿಳಿಹಸಿರು ಹಳದಿಯ ನಾಲ್ಕೈದು ಹೂಗಳನ್ನು ತೂಗಿಬಿಡುತ್ತದೆ. ಒಂದು ವಾರದ ವೈಭವ. ಹೂ ಬಾಡಿ, ಕಾಯಿ ಒಡೆದು, ದಂಟು ಒಣಗತೊಡಗಿದ ಮೇಲೆ ಎಲೆ ಬರುತ್ತದೆ. ಒಂದೇ ಎಲೆ. ಅಂಗೈಯಗಲದ್ದು, ಹೃದಯದ ಆಕಾರದ್ದು, ಬೀಸಣಿಗೆಯಂತೆ ನೆರಿಗೆ ನೆರಿಗೆ. ನೆಲಕ್ಕಂಟಿಕೊಂಡು ಐದಾರು ತಿಂಗಳು ದುಡಿದು, ಗೆಡ್ಡೆಗೆ ಅನ್ನ ತುಂಬಿ, ಬೇಸಿಗೆಗೆ ಒಣಗಿ ಹೋಗುತ್ತದೆ. ಹೂವು ಎಲೆಯನ್ನು ನೋಡುವುದಿಲ್ಲ, ಎಲೆ ಹೂವನ್ನು ನೋಡುವುದಿಲ್ಲ.

ಬೀರುಗಳಲ್ಲಿಯೂ ಅದೇ ಕಥೆ. ಹೂವಿನ ಹಾಳೆಗಳಿಗೆ ನಾಲಿಗೆ ಹೊರಳದ ಉದ್ದನೆಯ ಹೆಸರು, ಚೆಂದದ ಕೆಂಪು ಕವಚ. ಎಲೆಯ ಹಾಳೆಗಳೆಲ್ಲ ಕೊನೆಯ ಬೀರುವಿನ ಕೆಳಗಿನ ಖಾನೆಯಲ್ಲಿ, 'ಗುರುತಿಲ್ಲ' ಎಂದು ಬರೆದ ಕಟ್ಟಿನಲ್ಲಿ, ಬರೀ ನಂಬರಾಗಿ ಬಿದ್ದಿದ್ದವು. ಯಾಕೆಂದರೆ ಆ ಕಾಡಿನಲ್ಲಿ ಇಂಥ ಒಂಟಿ ಎಲೆ ಬಿಡುವ ಗಿಡಗಳು ಮೂರು ಬಗೆಯವು. ಯಾವ ಹೂವಿಗೆ ಯಾವ ಎಲೆ ಎಂದು ಕಂಡವರಿರಲಿಲ್ಲ. ಮೆಟ್ಟಿಲ ಮೇಲೆ ಫೋಟೋ ಆಗಿ ತೂಗುತ್ತಿದ್ದ ಹಿರಿಯರೊಬ್ಬರು ಮಾತ್ರ ತಮ್ಮ ದೊಡ್ಡ ಪುಸ್ತಕದಲ್ಲಿ, ಈ ಹೂವಿನ ಎಲೆಗೆ ಮೃದುವಾದ ರೋಮವಿರುತ್ತದೆ ಎಂದು ಬರೆದಿದ್ದರು. ಮೊದಲ ಮಳೆಗೆ ಹೋಗಿ ಹೂವು ತಂದಿದ್ದರು, ಮೂರು ತಿಂಗಳು ಬಿಟ್ಟು ಅದೇ ಕಾಡಿಗೆ ಹೋಗಿ ಸುಮಾರು ಅದೇ ಜಾಗದಿಂದ ಎಲೆ ತಂದಿದ್ದರು. ಪುಸ್ತಕದಲ್ಲಿ ಅಚ್ಚಾದ ಮೇಲೆ 'ಸುಮಾರು' ಎಂಬ ಮಾತು ಬಿದ್ದುಹೋಗಿತ್ತು.

ಸೂಜಿಯಕ್ಕನ ಮನೆ ಊರಿನ ಕೊನೆಯ ಸಾಲಿನಲ್ಲಿತ್ತು. ಹಿತ್ತಲು ಮುಗಿದಲ್ಲಿ ಕಾಡು ಶುರು. ಬಟ್ಟೆ ಒಣಹಾಕುವ ಹಗ್ಗವನ್ನು ಅವಳು ಕಾಡಂಚಿನ ಎರಡು ಮರಗಳಿಗೆ ಕಟ್ಟಿದ್ದಳು. ಬೆಳಿಗ್ಗೆ ಐದಕ್ಕೆದ್ದು ನೀರು ಕಾಯಿಸಿ, ಅಡುಗೆ ಮುಗಿಸಿ, ಅತ್ತೆಯ ಕಾಲಿಗೆ ಎಣ್ಣೆ ನೀವಿ, ಬಟ್ಟೆ ಒಗೆದು, ಏಳೂವರೆಗೆ ಬಕೆಟ್ ಹಿಡಿದು ಅಲ್ಲಿಗೆ ಹೋದರೆ, ದಿನದಲ್ಲಿ ಯಾರೂ ಅವಳನ್ನು ಕೂಗದ ಹತ್ತು ನಿಮಿಷ ಅಲ್ಲಿ ಸಿಗುತ್ತಿತ್ತು. ಹಾಗೆ ಒಂದು ಮಳೆಗಾಲದ ಮೊದಲ ವಾರ, ಹಗ್ಗದ ಕೆಳಗೇ ಆ ಬೋಳು ದಂಟು ಎದ್ದು ನಿಂತದ್ದನ್ನು ಕಂಡಳು. ಹಾಳೆಯ ಮೇಲೆ ಎಷ್ಟೋ ಸಲ ಹೊಲಿದ ಹೂವು. ಜೀವಂತವಾಗಿ ಕಂಡದ್ದು ಮೊದಲ ಸಲ. ಎಣಿಸಿದರೆ ಏಳು.

ಅವಳು ಏಳು ಕಡ್ಡಿ ಚುಚ್ಚಿ, ಪ್ರತಿ ಕಡ್ಡಿಗೂ ಬೇರೆ ಬಣ್ಣದ ದಾರ ಕಟ್ಟಿದಳು. ಒಂದೂವರೆ ತಿಂಗಳಿಗೆ ಆ ದಾರಗಳ ಬುಡದಲ್ಲೇ ಏಳು ಎಲೆ ಸುರುಳಿ ಬಿಚ್ಚಿಕೊಂಡವು. ಬೆರಳಾಡಿಸಿದಳು. ಮೇಲೆ ಕೆಳಗೆ ಎಲ್ಲಿಯೂ ರೋಮವಿಲ್ಲ, ಹೊಸ ಪಾತ್ರೆಯಂತೆ ನುಣುಪು. ಅಡಿಬದಿ ನೇರಳೆ. ಆ ವರ್ಷ ತಪ್ಪಿರಬಹುದೆಂದು ಮರುವರ್ಷವೂ ಕಾದಳು. ಮರುವರ್ಷವೂ ಅದೇ ದಾರ, ಅದೇ ಹೂವು, ಅದೇ ನುಣುಪು. ಆ ಸಲ ಹೂವಿದ್ದಾಗಲೇ ಹಳದಿ ದಾರದ ಗಿಡದಿಂದ, ಗೆಡ್ಡೆ ಮುಟ್ಟದೆ, ಹೂವಿನ ದಂಟೊಂದನ್ನು ಕುಯ್ದು ಒತ್ತಿಟ್ಟಳು. ಎಲೆ ಬಂದ ಮೇಲೆ ಅದನ್ನೂ ಕುಯ್ದು ಒತ್ತಿದಳು. ಎರಡನ್ನೂ ಒಂದೇ ಹಾಳೆಗೆ ಹೊಲಿದಳು. ಚೀಟಿಯಲ್ಲಿ ಪೆನ್ಸಿಲಿನಿಂದ ಎರಡು ತಾರೀಖು ಬರೆದು, ಕೆಳಗೆ 'ಒಂದೇ ಗೆಡ್ಡೆ' ಎಂದು ಬರೆದು, 'ಸಂಗ್ರಹ' ಎಂಬಲ್ಲಿ ತನ್ನ ಹೆಸರು ಬರೆದು, ಕೆಂಪು ಕವಚದೊಳಗೆ ಸೇರಿಸಿಬಿಟ್ಟಳು. ಹೇಳಿದ್ದರೆ ಯಾರು ಕೇಳುತ್ತಿದ್ದರು? ಹಾಳೆಯಾದರೆ ಒಂದಲ್ಲ ಒಂದು ದಿನ ಯಾರಾದರೂ ತೆರೆಯುತ್ತಾರೆ ಎಂದು ಅವಳ ಎಣಿಕೆ. ತಪಾಸಣೆಯ ಗಡಿಬಿಡಿಯಲ್ಲಿ ಬೀರು ಜೋಡಿಸುತ್ತಿದ್ದ ಸಾಹೇಬರೇ ತೆರೆಯುತ್ತಾರೆ ಎಂದುಕೊಂಡಿರಲಿಲ್ಲ.

"ಪುಸ್ತಕ ಬರೆದವರು ನಲವತ್ತು ವರ್ಷ ಕಾಡು ಸುತ್ತಿದವರಮ್ಮ" ಎಂದು ಸಾಹೇಬರು ಅಂದು ಅವಳಿಗೆ ತಿಳಿಹೇಳಿದ್ದರು.

"ಅದೇ ಆಗಿದ್ದು ಸಾರ್. ಅವರು ಸುತ್ತಿದರು. ನಾನು ದಿನಾ ಒಂದೇ ಕಡೆ ನಿಂತು ಬಟ್ಟೆ ಹರವ್ತೀನಿ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅದು ಹಿತ್ತಲಿಗೆ ಹೋಗದವರು ಕಟ್ಟಿದ ಗಾದೆ.

ಸೋಮವಾರ ಸಂಜೆ ವಿಷಯ ಕೇಳಿದ ಗಂಡ ಕುರ್ಚಿಯಲ್ಲೇ ಮಗ್ಗುಲಾದ. ನಿವೃತ್ತನಾಗಿ ಎರಡು ವರ್ಷವಾಗಿತ್ತು. ಬಸ್ಸಿನ ಸೀಟು ಬಿಟ್ಟು ಈ ಕುರ್ಚಿಗೆ ಬಂದಿದ್ದ, ಅಷ್ಟೇ ವ್ಯತ್ಯಾಸ. "ಬರೆದು ಬಿಸಾಕು. ತಪ್ಪಾಯ್ತು ಅನ್ನೋಕೇನು ಕಷ್ಟ? ಬಾಯಿ ಸವೆಯುತ್ತಾ?"

"ನಿಮ್ಮದು ಸವೆದಿಲ್ಲ ಬಿಡಿ. ಮೂವತ್ತು ವರ್ಷದಲ್ಲಿ ಒಂದು ಸಲಾನೂ ಆ ಮಾತು ಅಂದಿಲ್ಲ, ಹೊಸದಾಗೇ ಇದೆ."

"ಹಾಗಾದ್ರೆ ಬಿಟ್ಟುಬಿಡು. ಸಾಕು ದುಡಿದಿದ್ದು. ಅಮ್ಮ ಬಿದ್ದು ಸೊಂಟ ಮುರ್ಕೊಂಡ ಮೇಲೆ ಮನೇಲಿ ನೋಡ್ಕೊಳ್ಳೋಕೆ ಒಬ್ರು ಬೇಕಲ್ಲ."

ಒಳಗಿನಿಂದ ಅತ್ತೆ ಎರಡು ಸಲ ಮಂಚ ಕುಟ್ಟಿದರು. "ಒಬ್ರು ಬೇಕು ಅಂದ್ಯಲ್ಲ, ನೀನು ಯಾರೋ? ಲಗೇಜಾ?"

ಗಂಡ ಪತ್ರಿಕೆ ಮಡಿಸಿ ಇನ್ನೊಂದು ಪುಟ ತೆಗೆದ. ಸೂಜಿಯಕ್ಕ ಒಳಗೆ ಹೋಗಿ ಅತ್ತೆಯ ದಿಂಬು ಸರಿಮಾಡಿದಳು. ಅತ್ತೆ ಅವಳ ಕೈ ಹಿಡಿದುಕೊಂಡರು. ಹಿಂದೆ ಇವರಿಬ್ಬರ ನಡುವೆ ಎಲ್ಲ ಮನೆಗಳ ಹಾಗೆ ಉಪ್ಪು ಖಾರ ನಡೆದಿತ್ತು. ಈಗ ಮಾತಾಡುವವರು ಆ ಮನೆಯಲ್ಲಿ ಅವರಿಬ್ಬರೇ ಉಳಿದಿದ್ದರು.

"ಏನು ಬರೀಬೇಕಂತೆ ಕಣೇ?"

"ತಪ್ಪಾಯ್ತು ಅಂತ, ಅತ್ತೆ."

"ನಾನು ಬದುಕಿನಲ್ಲಿ ಎಷ್ಟು ಸಲ ತಪ್ಪಾಯ್ತು ಅಂದಿದೀನಿ ಗೊತ್ತಾ? ನಿಮ್ಮ ಮಾವನಿಗೆ, ಅವರಪ್ಪನಿಗೆ, ಇವನಿಗೂ. ಹಾಲು ಉಕ್ಕಿದ್ರೆ ತಪ್ಪಾಯ್ತು, ಬಾಗಿಲು ತೆಗೆಯೋದು ತಡವಾದ್ರೆ ತಪ್ಪಾಯ್ತು. ಕೂತು ಯೋಚಿಸಿದ್ರೆ, ಒಂದು ಸಲಾನೂ ತಪ್ಪು ಮಾಡಿರಲಿಲ್ಲ." ಅತ್ತೆ ಹಿತ್ತಲ ಕಡೆಯ ಕಿಟಕಿಗೆ ಕೈ ತೋರಿಸಿದರು. "ನಿನ್ನ ಹಸಿರು ದಾರದ ಹತ್ತಿರ ಇವತ್ತು ಚೂಪಗೆ ಏನೋ ಎದ್ದಿದೆ. ನಾಯಿ ಮೂಸೋಕೆ ಬಂತು, ಕೋಲು ಎಸೆದೆ. ಕೋಲು ಇನ್ನೂ ಅಲ್ಲೇ ಬಿದ್ದಿದೆ, ನಾನು ಇಲ್ಲೇ ಬಿದ್ದಿದೀನಿ."

ಸೂಜಿಯಕ್ಕ ಹಿತ್ತಲಿಗೆ ಓಡಿದಳು. ಬೆಳಕು ಇನ್ನೂ ಇತ್ತು. ಈ ವರ್ಷದ ಹೂವೆಲ್ಲ ಮುಗಿದು ದಂಟುಗಳು ಒಣಗಿದ್ದವು. ಆರು ಬಿದ್ದೇಹೋಗಿದ್ದವು. ಹಸಿರು ದಾರದ್ದು ಮಾತ್ರ, ತುದಿಯಲ್ಲಿ ಒಡೆದ ಕಾಯೊಂದನ್ನು ಹಿಡಿದುಕೊಂಡು, ಇನ್ನೂ ನೆಟ್ಟಗೆ ನಿಂತಿತ್ತು. ಅದರ ಬುಡದಲ್ಲಿ ಎಲೆಯ ಸುರುಳಿ ಮೊಳೆಯಂತೆ ಮಣ್ಣು ತೂರಿತ್ತು.

ಒಣಗಿದ ಹೂದಂಟೂ ಹೊಸ ಎಲೆಯೂ ಒಂದೇ ಗೆಡ್ಡೆಯ ಮೇಲೆ ಒಟ್ಟಿಗಿರುವುದು ವರ್ಷದಲ್ಲಿ ಕೆಲವೇ ದಿನ. ಅದನ್ನು ಇಡಿಯಾಗಿ ಅಗೆದು ತೋರಿಸಿದರೆ ಯಾವ ಪುಸ್ತಕವೂ ಎದುರಾಡುವಂತಿಲ್ಲ. ಆದರೆ ಎಲೆ ಅರ್ಧವಾದರೂ ಬಿಚ್ಚಿಕೊಳ್ಳದೆ ರೋಮ ಇದೆಯೋ ಇಲ್ಲವೋ ಕಾಣುವುದಿಲ್ಲ. ಅಷ್ಟರಲ್ಲಿ ದಂಟು ಮುರಿದು ಬಿದ್ದರೆ ಎಲ್ಲ ಹೋಯಿತು. ಇನ್ನೊಂದು ಮಾತು: ಅಗೆದರೆ ಆ ಗಿಡ ಸತ್ತಂತೆಯೇ. ಈ ಜಾತಿ ತನ್ನ ಮಣ್ಣು ಬಿಟ್ಟರೆ ಬದುಕುವುದು ಕಷ್ಟವೆಂದು ಸಾಹೇಬರೇ ಎಂದೋ ಯಾರಿಗೋ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಮೂರು ವರ್ಷ ಕಾದ ಏಳರಲ್ಲಿ ಒಂದು.

ಮಂಗಳವಾರ ಒಣತೋಟದಲ್ಲಿ ಅಂಟಿನಮ್ಮ ಬಟ್ಟಲಿನಲ್ಲಿ ಗೋಂದು ಕಲಸುತ್ತಾ ಪಿಸುಗುಟ್ಟಿದಳು. ಹೊಲಿಯಲಾಗದ ಅಗಲ ಎಲೆಗಳನ್ನು ಕಾಗದದ ಪಟ್ಟಿಯಿಂದ ಅಂಟಿಸುವುದು ಅವಳ ಕೆಲಸ. ಹೆದರಿದರೆ ಗೋಂದು ಗಂಟಾಗುವವರೆಗೆ ಕಲಸುತ್ತಾಳೆ. "ಬರೆದುಬಿಡಿ ಅಕ್ಕಾ. ಹಲ್ಲಿದ್ದವರ ಹತ್ತಿರ ಕಡಲೆಗೆ ಜಗಳ ಆಡಬೇಡಿ. ಒಂದು ಎಲೆಗೆ ಹೆಸರು ಸಿಕ್ಕಿದ್ರೆಷ್ಟು, ಬಿಟ್ಟರೆಷ್ಟು?"

"ಆ ಎಲೆ ಇಲ್ಲದಿದ್ರೆ ಹೂವು ಬರುತ್ತೇನೇ?"

"ಬರಲ್ಲ."

"ಮತ್ತೆ? ಅಡುಗೆ ಮಾಡಿದ್ದು ಎಲೆ. ವಾರ ಬಂದು ಉಂಡು ಕೈ ತೊಳೆದು ಹೋಗೋದು ಹೂವು. ಹೆಸರು ಹೂವಿಗೆ. ಎಲೆಮರೆ ಕಾಯಿ ಅಂತಾರೆ, ಎಲೆಯೇ ಮರೆಯಾದ್ರೆ ಏನಂತಾರೆ ಹೇಳು."

ಅಂಟಿನಮ್ಮ ಯೋಚಿಸಿದಳು. "ನಮ್ಮತ್ತಿಗೆ ಅಂತಾರೆ. ದುಡಿಯೋದು ಅವಳು, ಹೆಸರು ನಮ್ಮಣ್ಣಂದು" ಎಂದಳು. ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು.

ಬುಧವಾರ ಸುರುಳಿ ಎರಡು ಬೆರಳು ಎತ್ತರವಾಯಿತು. ಗುರುವಾರ ಗಾಳಿ ಬೀಸಿತು. ಸೂಜಿಯಕ್ಕ ಸಂಜೆ ಬಂದವಳು ಬಟ್ಟೆ ತೆಗೆಯುವುದನ್ನೂ ಮರೆತು, ದಂಟಿಗೆ ಹಸಿರು ದಾರದಿಂದಲೇ ಕಡ್ಡಿಯ ಆಸರೆ ಕೊಟ್ಟಳು. ಹಾಳೆಗೆ ಹೊಲಿಯುವ ಹೊಲಿಗೆಯನ್ನೇ ಗಾಳಿಯಲ್ಲಿ ಹಾಕಿದಂತಿತ್ತು. ಒಳಗೆ ಗಂಡ ಒಗೆದ ಅಂಗಿ ಹುಡುಕಿ ಕೂಗುತ್ತಿದ್ದ. "ಹಗ್ಗದ ಮೇಲಿದೆ, ಹಗ್ಗ ಎಲ್ಲಿದೆ ಗೊತ್ತಾ?" ಎಂದು ಅತ್ತೆ ಒಳಗಿನಿಂದ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಅವನು ಆ ಕಡೆ ಎಂದೂ ಹೋಗದಿದ್ದದ್ದರಿಂದಲೇ ಆ ಏಳು ಗಿಡ ಕಾಲ್ತುಳಿತಕ್ಕೆ ಸಿಗದೆ ಉಳಿದಿದ್ದವು ಎಂದು ಸೂಜಿಯಕ್ಕನಿಗೆ ಆಗ ಹೊಳೆಯಿತು. ಬೈಯಬೇಕೋ ಕೈ ಮುಗಿಯಬೇಕೋ ತಿಳಿಯಲಿಲ್ಲ.

ಶುಕ್ರವಾರವೂ ಎಲೆ ಬಿಚ್ಚಿಕೊಳ್ಳಲಿಲ್ಲ. ಚೀಲದಲ್ಲಿ ಬಿಳಿ ಹಾಳೆ ನಾಲ್ಕು ಮಡಿಕೆಯಾಗಿಯೇ ಇತ್ತು.

ಶನಿವಾರ ಬೆಳಿಗ್ಗೆ ಎಲೆ ಅರ್ಧ ಬಿಚ್ಚಿ, ಬೊಗಸೆಯಂತೆ ನಿಂತಿತ್ತು. ಒಳಗೆ ಒಂದು ಹನಿ ನೀರು. ಸೂಜಿಯಕ್ಕ ಬೆರಳಿನಿಂದ ಒಳಬದಿ ಸವರಿದಳು, ಹೊರಬದಿ ಸವರಿದಳು. ನುಣುಪು. ಅಡುಗೆಮನೆಗೆ ಹೋಗಿ ಇದ್ದುದರಲ್ಲಿ ದೊಡ್ಡ ಪಾತ್ರೆಯನ್ನು ತಂದಳು. ಗಿಡದ ಸುತ್ತ ಒಂದು ಗೇಣು ಬಿಟ್ಟು ಸಲಾಕೆಯಿಂದ ಗೀರಿ, ಮಣ್ಣಿನ ಹೆಂಟೆಯನ್ನು ಒಂದಿಷ್ಟೂ ಒಡೆಯದಂತೆ ಎತ್ತಿ ಪಾತ್ರೆಗಿಳಿಸಿದಳು. ಖಾಲಿಯಾದ ಕುಳಿಗೆ ತರಗೆಲೆ ಎಳೆದು ಮುಚ್ಚಿದಳು.

"ಅಡುಗೆ?" ಎಂದ ಗಂಡ, ಪಾತ್ರೆ ಹೊತ್ತು ಹೊರಟವಳನ್ನು ನೋಡಿ.

"ಪಾತ್ರೆ ಖಾಲಿ ಇಲ್ಲ."

"ಬಟ್ಟೆ?"

"ಬಕೆಟ್ಟಿನಲ್ಲಿದೆ. ಹಗ್ಗ ಎಲ್ಲಿದೆ ಅಂತ ನಿಮ್ಮಮ್ಮ ತೋರಿಸ್ತಾರೆ. ದಾರ ಕಟ್ಟಿರೋ ಕಡ್ಡಿ ಇರೋ ಕಡೆ ಮಾತ್ರ ಕಾಲಿಡಬೇಡಿ."

ಬಸ್ಸಿನಲ್ಲಿ ಕಂಡಕ್ಟರು ಗಂಡನ ಹಳೆಯ ಪರಿಚಯದವನು. ತೊಡೆಯ ಮೇಲಿನ ಪಾತ್ರೆಗೆ ಬಗ್ಗಿ ನೋಡಿದ. "ಏನತ್ತಿಗೆ, ಮಣ್ಣು ಹೊತ್ಕೊಂಡು ಹೊರಟ್ರಿ?"

"ತಪ್ಪೊಪ್ಪಿಗೆ" ಎಂದಳು ಸೂಜಿಯಕ್ಕ. ಅವನು ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.

ಸಾಹೇಬರ ಮೇಜಿನ ಮೇಲೆ, ತಪಾಸಣೆಯ ಫೈಲುಗಳ ನಟ್ಟನಡುವೆ, ಅವಳು ಪಾತ್ರೆ ಇಟ್ಟಳು. ಕಾಗದದ ಮೇಲೆ ಮಣ್ಣುದುರಿತು. "ಏನಮ್ಮ ಇದು?" ಎಂದು ಸಾಹೇಬರು ಕುರ್ಚಿ ಹಿಂದೆ ಸರಿಸಿದರು.

"ಶನಿವಾರ ಅಂದಿದ್ರಲ್ಲ ಸಾರ್. ತಂದಿದೀನಿ. ತೊಳೆದು ನೋಡಿ."

"ಅಟೆಂಡರ್‌ನ ಕರೀರಿ, ತೊಳೀಲಿ."

"ಬೇಡ. ಬೇರೆಯವರು ತೊಳೆದ್ರೆ ನಾಳೆ ಮಧ್ಯದಲ್ಲಿ ಗೋಂದು ಹಚ್ಚಿ ಜೋಡಿಸಿದ್ರು ಅಂತ ಮಾತು ಬರುತ್ತೆ. ನಿಮ್ಮ ಕೈಯಲ್ಲೇ ಆಗಲಿ."

ಗೋಂದು ಎಂದ ಕೂಡಲೇ ಬಾಗಿಲಲ್ಲಿ ನಿಂತಿದ್ದ ಅಂಟಿನಮ್ಮ ಕೆಮ್ಮಿದಳು. ಆಮೇಲೆ ತಾನೇ ಹೋಗಿ ಬೋಗುಣಿಯಲ್ಲಿ ನೀರು ತಂದಿಟ್ಟಳು. ಸಾಹೇಬರಿಗೆ ಸಿಟ್ಟು ಬಂದಿತ್ತು, ನಿಜ. ಆದರೆ ಹಸಿರು ದಾರ ಸುತ್ತಿದ ಆ ಒಣದಂಟು, ಅದರ ಪಕ್ಕದ ಎಲೆ ಅವರ ಕಣ್ಣಿಗೆ ಬಿದ್ದಾಗಿತ್ತು. ಗಿಡದ ಮೇಲಿನ ಆಸೆ ಸಿಟ್ಟಿಗಿಂತ ಹಳೆಯದು. ಗಡಿಯಾರ ಬಿಚ್ಚಿಟ್ಟು, ತೋಳು ಮಡಿಸಿ, ಹೆಂಟೆಯನ್ನು ನೀರಿಗಿಳಿಸಿ ತಿಕ್ಕತೊಡಗಿದರು.

"ತಿಕ್ಕಬೇಡಿ ಸಾರ್, ಸೋಪಲ್ಲ ಅದು. ನೀರೊಳಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಕ್ಕಿ ತೊಳೆದಿದೀರಾ?"

"ಇಲ್ಲ."

"ಮಗುವಿನ ತಲೆ?"

ಸಾಹೇಬರು ತಿಕ್ಕುವುದು ನಿಲ್ಲಿಸಿ, "ಇಲ್ಲಮ್ಮ" ಎಂದರು.

"ಹಾಗಾದ್ರೆ ನಾನು ಹೇಳಿದ ಹಾಗೆ ಮಾಡಿ. ಎಡಗೈ ಕೆಳಗೆ ಕೊಡಿ. ಮಣ್ಣು ತಾನೇ ಬಿಡುತ್ತೆ, ಅವಸರ ಬೇಡ. ನೀರು ಕದಡಿದ್ರೆ ಚೆಲ್ಲಿ ಬೇರೆ ಹಾಕಿಕೊಳ್ಳಿ."

ಮೂರು ಸಲ ನೀರು ಬದಲಾಯಿಸಿದರು. ಬೋಗುಣಿ ಹೊರಚೆಲ್ಲಲು ಸಾಹೇಬರೇ ಎದ್ದು ಹೋದರು. ಅಂಟಿನಮ್ಮ ಸಹಾಯಕ್ಕೆ ಮುಂದಾದಾಗ ಸೂಜಿಯಕ್ಕ ಕಣ್ಣಲ್ಲೇ ತಡೆದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಆಗಿ ಎಷ್ಟು ಕಾಲವಾಗಿತ್ತೋ. ಇಂದು ಒಂದು ಸಲವಾದರೂ ಅದು ತಿರುಗಲಿ ಎಂದು ಅವಳು ಕೈ ಕಟ್ಟಿ ನಿಂತಳು.

ನಾಲ್ಕನೆಯ ನೀರಿನಲ್ಲಿ ಗೆಡ್ಡೆ ಕಂಡಿತು. ಬೆಳ್ಳಗೆ, ಗುಂಡಗೆ. ಅದರ ನೆತ್ತಿಯಿಂದ ಒಣಗಿದ ಹೂದಂಟು ಒಂದು, ಹಸಿ ಎಲೆಯ ತೊಟ್ಟು ಒಂದು. ಒಂದೇ ಗೆಡ್ಡೆ. ಸಾಹೇಬರು ಮಸೂರ ಹಿಡಿದು ಎಲೆಯ ಮೇಲ್ಬದಿ ನೋಡಿದರು, ಅಡಿಯ ನೇರಳೆ ನೋಡಿದರು, ಒಡೆದ ಕಾಯಿಯ ತುದಿಗಂಟಿದ್ದ ಒಣ ಹೂವಿನ ಚೂರು ನೋಡಿದರು. ಎದ್ದು ಹೋಗಿ ಹೂವಿನ ಹಳೆಯ ಹಾಳೆಗಳನ್ನು ತಂದರು, ದೊಡ್ಡ ಪುಸ್ತಕ ತೆರೆದರು, ಮುಚ್ಚಿದರು.

"ಒಂದೇ ಗಿಡದಿಂದ ಹೇಳೋಕಾಗಲ್ಲ" ಎಂದರು ಕೊನೆಗೆ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಇನ್ನೂ ಆರಿವೆ. ಕೀಳೋಕೆ ಕೊಡಲ್ಲ, ನೋಡೋಕೆ ಬನ್ನಿ. ಬೆಳಿಗ್ಗೆ ಏಳೂವರೆಗೆ ನಾನು ಅಲ್ಲೇ ಇರ್ತೀನಿ. ಸೋಮವಾರ ಬಟ್ಟೆ ಜಾಸ್ತಿ, ಬಂದ್ರೆ ಒಂದು ಕೈ ಹಾಕಬಹುದು."

ಸಾಹೇಬರ ತುಟಿ ಅಲುಗಿತು. ನಕ್ಕರೋ ಏನೋ. ಆಮೇಲೆ ಅವರು ಕೆಲಸದ ಮನುಷ್ಯರಾದರು. ಗಿಡವನ್ನು ಒತ್ತಿ ಒಣಗಿಸಬೇಕು, ಹೊಲಿದು ತಪಾಸಣೆಯವರಿಗೆ ತೋರಿಸಬೇಕು, ಪುಸ್ತಕದ ತಪ್ಪು ಬರೆದು ಪ್ರಕಟಿಸಬೇಕು. ಹೊಸ ಚೀಟಿ ತೆಗೆದು ಅಲ್ಲೇ ತುಂಬಿದರು. ಬರೆದು ತಿರುಗಿಸಿ ತೋರಿಸಿದರು. ಗುರುತಿಸಿದವರು ಎಂಬಲ್ಲಿ ಅವರ ಹೆಸರಿತ್ತು. ಸಂಗ್ರಹ ಎಂಬಲ್ಲಿ 'ಸಂಸ್ಥೆಯ ಸಿಬ್ಬಂದಿ' ಎಂದಿತ್ತು.

"ಸಿಬ್ಬಂದಿ ಅನ್ನೋರು ಯಾರು ಸಾರ್? ಅವರ ಮನೇಲೂ ಬಟ್ಟೆ ಒಣಗಿಸ್ತಾರಾ?"

"ನೋಡಿ ಅಮ್ಮ, ಆ ಬೆರಕೆ ಹಾಳೆ ವಿಷಯ ಇನ್ನು ಎತ್ತಲ್ಲ. ಕ್ಷಮಾಪಣೆಯೂ ಬೇಡ. ನಿಮ್ಮ ಕುರ್ಚಿ ನಿಮ್ಮದೇ. ಆದರೆ ಹೊಲಿಯೋರ ಹೆಸರು ಹಾಕೋ ಪದ್ಧತಿ ಇಲ್ಲಿಲ್ಲ."

"ಹೊಲಿದೋಳ ಹೆಸರು ಬೇಡ. ಕಂಡೋಳ ಹೆಸರು ಹಾಕಿ."

"ಆಗದಿದ್ರೆ?"

ಸೂಜಿಯಕ್ಕ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದು ಪುಸ್ತಕದ ಮೇಲಿಟ್ಟಳು. "ಹೊಲಿಗೆ ನೀವೇ ಹಾಕ್ಕೊಳ್ಳಿ ಸಾರ್. ತೊಳೆಯೋದು ಕಲಿತಿರಿ, ಇದನ್ನೂ ಕಲೀಬಹುದು. ಒಣಗಿದ ಮೇಲೆ ಆ ದಂಟು ಕೂದಲೆಳೆಯಂತಾಗುತ್ತೆ, ಜೋಪಾನ."

ಸಾಹೇಬರು ಸೂಜಿಯನ್ನು ನೋಡಿದರು. ದಂಟನ್ನು ನೋಡಿದರು. ಮೂರು ಸಲ ಮಣ್ಣುನೀರಿನಲ್ಲಿ ನೆನೆದು ಸುಕ್ಕಾದ ತಮ್ಮ ಬೆರಳುಗಳನ್ನು ನೋಡಿಕೊಂಡರು. ಆ ಚೀಟಿ ಹರಿದು ಇನ್ನೊಂದು ತೆಗೆದರು. ಪೆನ್ನು 'ಸಂಗ್ರಹ' ಎಂಬಲ್ಲಿಗೆ ಬಂದು ನಿಂತಿತು.

"ನಿಮ್ಮ ಪೂರ್ತಿ ಹೆಸರೇನಮ್ಮ?"

ಬೆರಕೆ ಹಾಳೆಯ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದ ಆ ಹೆಸರನ್ನು ಸೋಮವಾರವಷ್ಟೇ ಅವರು ಓದಿದ್ದರು. ನೆನಪಿನಲ್ಲಿ ಉಳಿದಿರಲಿಲ್ಲ. ಅವಳು ಹೇಳಿದಳು. ನಿಧಾನವಾಗಿ, ಒತ್ತಕ್ಷರ ಎಲ್ಲಿ ಬರುತ್ತದೆಂದು ಬಿಡಿಸಿ ಹೇಳಿದಳು. ಬಾಗಿಲಲ್ಲಿದ್ದ ಅಂಟಿನಮ್ಮ ಹದಿನೈದು ವರ್ಷದಲ್ಲಿ ಆ ಹೆಸರನ್ನು ಕೇಳಿದ್ದು ಅದೇ ಮೊದಲು.

"ಮುಂದೆ ಯಜಮಾನರ ಹೆಸರು?"

"ಅವರು ಆ ಕಡೆ ಹೋಗಿಯೇ ಇಲ್ಲ ಸಾರ್."

ಹತ್ತನೆಯ ದಿನ ಗಿಡ ಒಣಗಿ ಹೊಲಿಗೆಗೆ ಬಂತು. ಮೇಲಿನವರು ಒಂದು ವಾರ ತಡಮಾಡಿ ಬಂದದ್ದರಿಂದ ಅನುಕೂಲವೇ ಆಯಿತು. ಕಿಟಕಿಯ ಬೆಳಕಿನಲ್ಲಿ ಸೂಜಿಯಕ್ಕ ಗೆಡ್ಡೆಯನ್ನು ನಡುವಿಗಿಟ್ಟು, ದಂಟನ್ನು ಎಡಕ್ಕೂ ಎಲೆಯನ್ನು ಬಲಕ್ಕೂ ಹರಡಿ, ಹಸಿರು ದಾರದಿಂದ ಹನ್ನೆರಡು ಹೊಲಿಗೆ ಹಾಕಿದಳು. ಒಣತೋಟದಲ್ಲಿ ಬಿಳಿ ದಾರವೇ ನಿಯಮ. ಯಾರೂ ಕೇಳಲಿಲ್ಲ. ಹೊಲಿಗೆ ಮುಗಿಯುವಾಗ ಒಡೆದ ಕಾಯಿಯಿಂದ ಹಿಟ್ಟಿನಂಥ ಬೀಜ ಚಿಟಿಕೆಯಷ್ಟು ಹಾಳೆಯ ಮೇಲುದುರಿತು. ಏನನ್ನೂ ಎಸೆಯಬಾರದು. ಪೊಟ್ಟಣಕ್ಕೆ ಕಾಗದ ಬೇಕಿತ್ತು. ಅಂಟಿನಮ್ಮ ಎದ್ದು ತರಲು ಹೊರಟಾಗ, "ಕೂತ್ಕೊ, ನನ್ನ ಹತ್ತಿರ ಇದೆ" ಎಂದು ಚೀಲಕ್ಕೆ ಕೈ ಹಾಕಿದಳು.

ನಾಲ್ಕು ಮಡಿಕೆಯ ಬಿಳಿ ಹಾಳೆ. ಒಳ್ಳೆಯ ಕಾಗದ, ಕಚೇರಿಯದು, ಒಂದಕ್ಷರವೂ ಬಿದ್ದಿರಲಿಲ್ಲ. ಅದನ್ನು ಬೇಕಾದಷ್ಟಕ್ಕೆ ಕತ್ತರಿಸಿ, ಅಂಚು ಮಡಿಸಿ, ಉಗುರಿನಿಂದ ಗೀರಿ ಪೊಟ್ಟಣ ಮಾಡಿದಳು. ಬೀಜವನ್ನು ಗರಿಯಿಂದ ಒಳಗೆ ಸರಿಸಿ, ಬಾಯಿ ಮುಚ್ಚಿ, ಹಾಳೆಯ ಬಲಮೂಲೆಗೆ, ತನ್ನ ಹೆಸರಿದ್ದ ಚೀಟಿಯ ಮೇಲ್ಗಡೆ, ಬಿಗಿಯಾಗಿ ಹೊಲಿದಳು.